ಹದಿನೈದು ದಿನಕ್ಕೆ ಏನಾಗುತ್ತೆ

ಊರಿಗೆಲ್ಲ ರಜೆ ಬಂದರೆ ದರ್ಜಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ವರ್ಷದ ಕೊನೆಯ ಮೂರು ನಾಲ್ಕು ವಾರ ನಮ್ಮ ಅಂಗಡಿಯಲ್ಲಿ ಬಟ್ಟೆಯ ಚೂರು ಕಾಲಿಗೆ ಸಿಕ್ಕದೆ ಒಂದು ಹೆಜ್ಜೆ ಇಡಲಾಗುವುದಿಲ್ಲ. ಹೊರಗೆ ಜನ ಕೈತುಂಬ ಚೀಲ ಹಿಡಿದು, ಮಕ್ಕಳನ್ನು ಎಳೆದುಕೊಂಡು, ನಗುತ್ತ ಓಡಾಡುತ್ತಾರೆ. ಒಳಗೆ ನಾವು ಅವರ ನಗುವಿಗೆ ಹೊಂದುವ ಬಟ್ಟೆ ಹೊಲಿಯುತ್ತ ಕೂತಿರುತ್ತೇವೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಮೂವತ್ತು ವರ್ಷದಿಂದ ನಮಗೆ ಅನ್ನ ಹಾಕಿದ್ದು ಆ ಮೂರು ವಾರಗಳೇ.

ಅಂಗಡಿ ನನ್ನ ತಮ್ಮನದು. ಅಳತೆ, ಗೆರೆ, ಕತ್ತರಿ ಅವನ ಕೆಲಸ. ಗುಂಡಿ, ಕಾಜಾ, ಅಂಚು ಮಡಿಸುವುದು ಮತ್ತು ಬಾಯಿ ಮಾಡುವುದು ನನ್ನ ಕೆಲಸ. ಗಿರಾಕಿಗಳು ಅವನನ್ನು ಗೆರೆಮಾಸ್ಟರ್ ಎಂದು ಕರೆಯುತ್ತಾರೆ. ಅಳತೆಪಟ್ಟಿ ಇಡದೆ ಬಟ್ಟೆಯ ಮೇಲೆ ಎರಡು ಗಜ ಗೆರೆ ಎಳೆದರೂ ಕೂದಲೆಳೆಯಷ್ಟು ಸೊಟ್ಟಗಾಗದು, ಅದಕ್ಕೆ ಆ ಹೆಸರು. ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದೂ ಕಿವಿಗೆ ಬಿದ್ದಿದೆ, ಇಲ್ಲಿ ಬೇಡ. ಅಮ್ಮ ಹೋದಾಗ ಅವನಿಗೆ ಏಳು ವರ್ಷ, ನನಗೆ ಹದಿನಾರು. ಅವನಿಗೆ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳು ನಾನು. ಹಾಗಾಗಿ ಅವನಿಗೆ ಐವತ್ತನಾಲ್ಕು ದಾಟಿ ಮಗಳ ಮದುವೆಯಾದ ಮೇಲೂ ನನ್ನ ಬಾಯಿಗೆ ಅವನು ಏಳು ವರ್ಷದವನೇ ಆಗಿದ್ದ.

ಹೋದ ವರ್ಷ ಇದೇ ಸೀಸನ್ನಿನಲ್ಲಿ ಅವನ ಎದೆ ಮೊದಲ ಸಲ ಕೈಕೊಟ್ಟಿತು. ನಾಲ್ಕು ದಿನ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ಕುಡಿಯುತ್ತಿದ್ದ. ಮೂಗು ಕಟ್ಟಿದೆ ಎಂದು ಮೆಡಿಕಲ್ ಅಂಗಡಿಯಿಂದ ಯಾವುದೋ ಸಿರಪ್ ತಂದು ಗುಟುಕರಿಸಿದ. ಕೊನೆಯ ಆರ್ಡರ್ ಮುಗಿದ ಮಧ್ಯಾಹ್ನ ಗಿರಾಕಿಯೊಬ್ಬರು ಖುಷಿಗೆಂದು ಬಾಟಲಿ ತೆರೆದರು, ಇವನೂ ಖಾಲಿ ಹೊಟ್ಟೆಯಲ್ಲಿ ಮೂರು ಗ್ಲಾಸು ಏರಿಸಿದ. ಅಲ್ಲಿಂದ ಅಂಗಡಿಗೆ ಬಂದವನು ಕಟಿಂಗ್ ಟೇಬಲ್ಲಿನ ಅಂಚು ಹಿಡಿದು ನಿಂತ. ಮುಖ ಸುಣ್ಣದ ಹಾಗಿತ್ತು.

"ದಾರ ಸಿಕ್ಕಿಕೊಂಡ ಮಷೀನಿನ ಹಾಗಿದೆ ಅಕ್ಕ," ಅಂದ. "ಓಡುತ್ತೆ, ನಿಲ್ಲುತ್ತೆ, ಮತ್ತೆ ಓಡುತ್ತೆ."

ಹೃದಯದ ಡಾಕ್ಟರು ಒಬ್ಬ ಹೆಂಗಸು, ನನಗೆ ಮಗಳಿದ್ದಿದ್ದರೆ ಅಷ್ಟೇ ವಯಸ್ಸಿರುತ್ತಿತ್ತು. ಎದೆಗೆ ತಂತಿಗಳನ್ನು ಅಂಟಿಸಿ ಕಾಗದದ ಮೇಲೆ ಬಂದ ಗೆರೆಯನ್ನು ನಮಗೆ ತೋರಿಸಿದಳು. ಗೆರೆಮಾಸ್ಟರನ ಎದೆಯಿಂದ ಅಂಥ ಅಡ್ಡಾದಿಡ್ಡಿ ಗೆರೆ ಬರಬಹುದೆಂದು ನಾನು ಎಣಿಸಿರಲಿಲ್ಲ.

"ರಜೆ ಕಾಲದಲ್ಲಿ ಇಂಥವರು ತುಂಬಾ ಜನ ಬರ್ತಾರೆ," ಅಂದಳು ಡಾಕ್ಟರು. "ನಿದ್ದೆಗೆಡ್ತಾರೆ, ಕುಡೀತಾರೆ, ಉಪ್ಪು ಎಣ್ಣೆ ಜಾಸ್ತಿ ತಿಂತಾರೆ, ನೀರು ಕುಡಿಯೋದು ಮರೀತಾರೆ. ಹೃದಯಕ್ಕೆ ಮಾತ್ರ ರಜೆ ಇಲ್ವಲ್ಲ. ಅದು ತಾಳ ತಪ್ಪುತ್ತೆ. ತಾಳ ತಪ್ಪಿದಾಗ ರಕ್ತ ಒಳಗಿನ ಕೋಣೆಯಿಂದ ಪೂರ್ತಿ ಹೊರಗೆ ಹೋಗಲ್ಲ, ನಿಂತಲ್ಲೇ ಗಟ್ಟಿಯಾಗುತ್ತೆ. ಆ ಗಟ್ಟಿ ಚೂರು ಮೆದುಳಿಗೆ ಹೋಯ್ತು ಅಂದರೆ ಮಾತು ಹೋಗಬಹುದು, ಕೈಕಾಲು ಹೋಗಬಹುದು, ಪ್ರಾಣವೂ ಹೋಗಬಹುದು."

ಆಮೇಲೆ ಮಾತ್ರೆಗಳನ್ನು ಒಂದೊಂದಾಗಿ ವಿವರಿಸಿದಳು. ಬಿಳಿಯದು ಬಡಿತ ಹದಕ್ಕೆ ತರಲು. ಸಣ್ಣ ಗುಲಾಬಿ ಬಣ್ಣದ್ದು ರಕ್ತ ಗಟ್ಟಿಯಾಗದಂತೆ ತೆಳ್ಳಗಿಡಲು, ಬೆಳಿಗ್ಗೆ ಒಂದು, ರಾತ್ರಿ ಒಂದು.

"ಇದು ತಗೊಂಡಾಗ ಗಾಯ ಆದರೆ ರಕ್ತ ಬೇಗ ನಿಲ್ಲಲ್ಲ. ಹತ್ತು ನಿಮಿಷ ಒತ್ತಿ ಹಿಡೀರಿ. ತೊಂದರೆ ಅನಿಸಿದರೆ ನನಗೆ ಫೋನ್ ಮಾಡಿ. ನೀವಾಗೇ ನಿಲ್ಲಿಸಬೇಡಿ, ಒಂದು ದಿನವೂ."

ನಾನು ಅವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ನನ್ನ ಎರಡು ಕಿವಿಯೂ ಚೆನ್ನಾಗಿವೆ.

ತಮ್ಮನ ಹೆಂಡತಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಪುಸ್ತಕಕ್ಕೆ ನಂಬರು ಅಂಟಿಸಿ ಅಂಟಿಸಿ ಅವಳಿಗೆ ಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸುವ ಅಭ್ಯಾಸ. ಡಾಕ್ಟರು ಹೇಳಿದ್ದನ್ನೆಲ್ಲ ದುಂಡಗೆ ಬರೆದು ಅಡುಗೆಮನೆಯ ಗೋಡೆಗೆ ಹಚ್ಚಿದಳು. ಹತ್ತು ಗಂಟೆಗೆ ದೀಪ ಆರಬೇಕು. ದಿನಕ್ಕೆ ಒಂದೇ ಲೋಟ ಕಾಫಿ. ಬಾಟಲಿ ಮುಟ್ಟುವಂತಿಲ್ಲ. ಸಂಜೆ ಅರ್ಧ ಗಂಟೆ ನಡಿಗೆ. ಮಾತ್ರೆಗೆ ಏಳು ದಿನಕ್ಕೂ ಏಳು ಮುಚ್ಚಳವಿರುವ ಡಬ್ಬಿ ತಂದಳು, ಪ್ರತಿ ಮುಚ್ಚಳದೊಳಗೆ ಬೆಳಿಗ್ಗೆ ಒಂದು ಗೂಡು, ರಾತ್ರಿ ಒಂದು ಗೂಡು. ದಿನ ಬೆಳಿಗ್ಗೆ ಲೈಬ್ರರಿಗೆ ಹೊರಡುವ ಮುಂಚೆ ಗೂಡು ಖಾಲಿಯಾಗಿದೆಯೇ ಎಂದು ನೋಡಿ ಮುಚ್ಚಳ ಹಾಕುತ್ತಿದ್ದಳು. ನಾನು ಆಡಿಕೊಳ್ಳುತ್ತಿದ್ದೆ. "ಗಂಡನನ್ನೂ ಕಪಾಟಿನಲ್ಲಿಟ್ಟು ನಂಬರು ಹಚ್ಚಿಬಿಡಮ್ಮ," ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು, ಡಬ್ಬಿ ಮಾತ್ರ ಬಿಡುತ್ತಿರಲಿಲ್ಲ. ತಮ್ಮ ಎಲ್ಲದಕ್ಕೂ ಹೂಂ ಎಂದ. ನಿಜ ಹೇಳಬೇಕೆಂದರೆ ಎಲ್ಲವನ್ನೂ ಪಾಲಿಸಿದ. ಆ ಒಂದು ವರ್ಷ ಅವನ ಎದೆ ಒಂದು ದಿನವೂ ಹಟ ಹಿಡಿಯಲಿಲ್ಲ.

ಈ ವರ್ಷ ಕೆರೆ ದಂಡೆಯ ದೊಡ್ಡ ಹೋಟೆಲಿನವರು ಅರವತ್ತು ಬಿಳಿ ಕೋಟಿಗೆ ಆರ್ಡರ್ ಕೊಟ್ಟರು. ರಜೆಗೆ ಬರುವ ಅತಿಥಿಗಳಿಗೆ ಬಡಿಸುವವರೆಲ್ಲ ಹಾಲಿನಷ್ಟು ಬೆಳ್ಳಗಿರಬೇಕಂತೆ. ಹಳೆಯ ಕೋಟು ಹಳದಿಯಾಗಿವೆ, ಹೊಸವು ತಿಂಗಳ ಇಪ್ಪತ್ತಕ್ಕೆ ಬೇಕು. ಹಿಂದಿನ ಕೋಣೆಯಲ್ಲಿ ಮಷೀನಿನ ಮೇಲೆ ಇಬ್ಬರು ಹೆಂಗಸರು ಕೂತರು. ಮುಂದಿನ ಕೋಣೆಯಲ್ಲಿ ತಮ್ಮ ಕತ್ತರಿಸುವುದು, ಕಾಲರಿನೊಳಗೆ ಕ್ಯಾನ್ವಾಸ್ ಇಟ್ಟು ಕೈಯಿಂದ ಕಚ್ಚಾ ಹೊಲಿಗೆ ಹಾಕುವುದು. ಕೋಟಿನ ಕಾಲರು ಕೂತುಕೊಳ್ಳುವುದು ಆ ಕಚ್ಚಾ ಹೊಲಿಗೆಯಲ್ಲೇ, ಅದನ್ನು ಅವನು ಯಾರ ಕೈಗೂ ಕೊಡುವವನಲ್ಲ.

ಸೂಜಿ ಹಿಡಿದವನ ಬೆರಳಿಗೆ ಸೂಜಿ ಚುಚ್ಚುತ್ತದೆ, ಅದೇನು ಹೊಸದಲ್ಲ. ದಿನಕ್ಕೆ ನಾಲ್ಕು ಸಲ ಚುಚ್ಚಿದರೂ ಬೆರಳು ಬಾಯಿಗಿಟ್ಟು ಚೀಪಿ ಮುಂದಿನ ಹೊಲಿಗೆಗೆ ಹೋಗುತ್ತೇವೆ. ಬಟ್ಟೆಗೆ ಒಂದು ಹನಿ ತಾಗಿದರೆ ದರ್ಜಿಗಳಿಗೆ ಒಂದು ಮದ್ದು ಗೊತ್ತು: ಯಾರ ರಕ್ತವೋ ಅವರದೇ ಎಂಜಲು. ಬಿಳಿ ದಾರದ ತುಣುಕನ್ನು ಬಾಯಲ್ಲಿ ನೆನೆಸಿ ಕಲೆಯ ಮೇಲೆ ಉಜ್ಜಿದರೆ ಹಸಿ ಕಲೆ ಎದ್ದು ಹೋಗುತ್ತದೆ. ಬೇರೆಯವರ ಎಂಜಲಿಗೆ ಹೋಗುವುದಿಲ್ಲ ಎನ್ನುತ್ತಾರೆ. ನಿಜವೋ ಸುಳ್ಳೋ, ನಾವು ಹಾಗೇ ಮಾಡಿಕೊಂಡು ಬಂದವರು.

ಆದರೆ ಈ ವರ್ಷ ತಮ್ಮನ ಬೆರಳು ನಿಲ್ಲಲೊಲ್ಲದು. ಒಂದು ಚುಚ್ಚಿಗೆ ಕಾಲು ಗಂಟೆ ಒಸರುತ್ತಿತ್ತು. ಪಟ್ಟಿ ಸುತ್ತಿದರೆ ಸೂಜಿಯ ಸ್ಪರ್ಶ ಸಿಗುವುದಿಲ್ಲ, ಬೆರಳ ತುದಿಗೆ ತಗಡಿನ ಟೊಪ್ಪಿ ಹಾಕಿದರೆ ಕಾಲರಿನ ತಿರುವು ತಿಳಿಯುವುದಿಲ್ಲ. ಒತ್ತಿ ಹಿಡಿದು ಕೂರುವಷ್ಟು ಹೊತ್ತು ಯಾರ ಬಳಿ ಇದೆ? ನಿಂತಿತೆಂದು ಸೂಜಿ ಎತ್ತಿಕೊಂಡರೆ ಮತ್ತೆ ಬಟ್ಟೆಯ ಮೇಲೆ ಸಾಸಿವೆಯಷ್ಟು ಕೆಂಪು. ಎಂಜಲು, ತಣ್ಣೀರು, ಸೋಪು ಎಲ್ಲ ಆಯಿತು. ಮೊದಲ ಹನ್ನೆರಡು ಕೋಟು ಕಳಿಸಿದ ಮಾರನೆಯ ದಿನ ಹೋಟೆಲಿನ ಬಟ್ಟೆ ನೋಡಿಕೊಳ್ಳುವ ಹೆಂಗಸು ಮೂರನ್ನು ವಾಪಸು ತಂದಳು. ಕಾಲರು ಮಗುಚಿ ತೋರಿಸಿದಳು. ಒಳಗೆ ಕಂದು ಚುಕ್ಕೆಗಳು.

"ಊಟ ಬಡಿಸೋರು ಹಾಕ್ಕೊಳೋದು ಮಾಸ್ಟರ್," ಅಂದಳು ಮೆಲ್ಲಗೆ. ಇನ್ನೇನೂ ಹೇಳಲಿಲ್ಲ, ಹೇಳಿದ್ದರೆ ವಾಸಿಯಿತ್ತು. ಅಷ್ಟು ವರ್ಷದಲ್ಲಿ ನಮ್ಮ ಅಂಗಡಿಯಿಂದ ಹೋದದ್ದು ಕಲೆಗಾಗಿ ಮರಳಿ ಬಂದಿರಲಿಲ್ಲ. ತಮ್ಮ ಆ ಮೂರು ಕೋಟನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತ.

ಅವಳು ಬಾಗಿಲು ದಾಟುವುದನ್ನೇ ಕಾದಿದ್ದು ನಾನು ಬಾಯಿ ತೆರೆದೆ. "ಬೆವರು ಸುರಿಸಿ ದುಡೀಬೇಕು ಅಂತಾರೆ, ರಕ್ತ ಸುರಿಸಿ ಅಲ್ಲ. ಅದನ್ನ ಗಿರಾಕಿ ಕುತ್ತಿಗೆಗೆ ಯಾಕೆ ಹಚ್ಚಿ ಕಳಿಸ್ತೀಯ?"

"ಏನು ಮಾಡ್ಲಿ ಅಕ್ಕ. ಆ ಮಾತ್ರೆ ಹಾಗೆ."

"ಹಾಗಾದರೆ ಆ ಮಾತ್ರೆ ಬಿಡು."

ಅವನು ನನ್ನ ಮುಖ ನೋಡಿದ. "ಡಾಕ್ಟರು..."

"ಡಾಕ್ಟರು ಬಂದು ಕೋಟು ಹೊಲೀತಾಳಾ? ಒಂದು ವರ್ಷದಿಂದ ಎದೆ ಗಡಿಯಾರದ ಹಾಗೆ ನಡೀತಿದೆ. ಬಿಳಿ ಮಾತ್ರೆ ತಗೋ, ನಿದ್ದೆ ಮಾಡು, ಕಾಫಿ ಬೇಡ, ಎಲ್ಲ ಮಾಡ್ತಿದ್ದೀಯಲ್ಲ. ಈ ಗುಲಾಬೀದು ಒಂದು ಸೀಸನ್ ಮುಗಿಯೋ ತನಕ ಬಿಟ್ಟರೆ ಆಕಾಶ ಕಳಚಿ ಬೀಳಲ್ಲ. ಹದಿನೈದು ದಿನಕ್ಕೆ ಏನಾಗುತ್ತೆ?"

ಅವನು ಕಲೆಯ ಮೇಲೆ ಹೆಬ್ಬೆರಳು ಆಡಿಸಿದ. "ಅವಳಿಗೆ ಹೇಳಬೇಡ," ಅಂದ ಕೊನೆಗೆ. ಅವಳಿಗೆ ಎಂದರೆ ಹೆಂಡತಿಗೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಯನ್ನು ನಾನು ಊರಿಗೆಲ್ಲ ಹೇಳಿದವಳು. ನನ್ನ ಬಾಯಿಂದ ಆ ಮಾತು ಹೊರಬಿದ್ದಾಗ ನನಗೆ ಏನೂ ಅನ್ನಿಸಲಿಲ್ಲ. ಒಂದು ತೊಂದರೆ ಬಗೆಹರಿಸಿದೆ ಎಂಬ ನೆಮ್ಮದಿಯಲ್ಲಿ ಕಾಜಾಕ್ಕೆ ಕೂತೆ.

ಮಾರನೆಯ ದಿನದಿಂದ ಅವನು ಡಬ್ಬಿಯ ಗೂಡು ಖಾಲಿ ಮಾಡಿ, ಬಿಳಿಯದನ್ನು ನುಂಗಿ, ಗುಲಾಬಿಯದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅಂಗಡಿಗೆ ಬರುತ್ತಿದ್ದ. ರಾತ್ರಿಯದನ್ನೂ ಬೆಳಿಗ್ಗೆ ತರುತ್ತಿದ್ದ. ಎರಡನ್ನೂ ಸೀಮೆಸುಣ್ಣದ ಡಬ್ಬಿಗೆ ಹಾಕುತ್ತಿದ್ದ. ಎಸೆಯಲು ಮನಸ್ಸು ಬರುತ್ತಿರಲಿಲ್ಲವಂತೆ, ಹೆಂಡತಿ ಕೈಯಾರೆ ಇಟ್ಟಿದ್ದಲ್ಲವೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತೆಂದು ನಾನು ನಗಾಡಿದೆ. ಮೂರನೆಯ ದಿನಕ್ಕೆ ಚುಚ್ಚಿದ ಬೆರಳು ಮೊದಲಿನಂತೆ ಚೀಪಿದೊಡನೆ ನಿಲ್ಲತೊಡಗಿತು. ಕೋಟುಗಳು ಬೆಳ್ಳಗೆ, ಒಂದು ಚುಕ್ಕೆಯಿಲ್ಲದೆ ಹೋದವು. ಹೋಟೆಲಿನ ಹೆಂಗಸು ಫೋನ್ ಮಾಡಿ ಮೆಚ್ಚಿಕೊಂಡಳು. ನೋಡಿದೆಯಾ ಎನ್ನುವಂತೆ ನಾನು ತಮ್ಮನ ಕಡೆ ಹುಬ್ಬು ಹಾರಿಸಿದೆ.

ಹತ್ತನೆಯ ದಿನ, ಮಧ್ಯಾಹ್ನದ ಊಟ ಮುಗಿದು ಒಂದು ಗಂಟೆಯಾಗಿತ್ತು. ಅಂಗಡಿಯ ಮುಂದೆ ರಜೆಗೆ ಹೊರಟ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಾನು ಗುಂಡಿ ಹಚ್ಚುತ್ತಿದ್ದೆ. ತಮ್ಮ ಟೇಬಲ್ಲಿನ ಮೇಲೆ ಬಟ್ಟೆ ಹಾಸಿ ಬೆನ್ನಿನ ಭಾಗಕ್ಕೆ ಗೆರೆ ಎಳೆಯುತ್ತಿದ್ದ. ಸೀಮೆಸುಣ್ಣ ನೆಲಕ್ಕೆ ಬಿದ್ದ ಸದ್ದಾಯಿತು. ತಲೆಯೆತ್ತಿದೆ. ಗೆರೆ ನೆಟ್ಟಗೆ ಬಂದು, ಅರ್ಧದಲ್ಲಿ ಬಲಕ್ಕೆ ಜಾರಿ, ಬಟ್ಟೆಯ ಅಂಚಿನಿಂದ ಟೇಬಲ್ಲಿನ ಮರದ ಮೇಲೆ ಇಳಿದುಹೋಗಿತ್ತು. ಅವನು ಬಲಗೈಯನ್ನು ಬೇರೆಯವರ ಕೈ ನೋಡುವಂತೆ ನೋಡುತ್ತಿದ್ದ.

"ಏನಾಯ್ತೋ?" ಅಂದೆ.

ಅವನು ಏನೋ ಹೇಳಿದ. ಅದು ಮಾತಾಗಿರಲಿಲ್ಲ. ಬಾಯಿಯ ಬಲಮೂಲೆ ಕೆಳಗಿಳಿದಿತ್ತು. ಕಣ್ಣುಗಳಲ್ಲಿ ಮಾತ್ರ ಅವನು ಪೂರ್ತಿಯಾಗಿ ಇದ್ದ, ನನ್ನನ್ನೇ ನೋಡುತ್ತ. ಡಾಕ್ಟರು ಹೇಳಿದ್ದ ಗಟ್ಟಿ ಚೂರು ಎಲ್ಲಿಗೆ ಹೋಗಿದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಪಕ್ಕದ ಲಾಂಡ್ರಿಯ ಇಸ್ತ್ರಿಯಣ್ಣ ತನ್ನ ವ್ಯಾನಿನಿಂದ ಬಟ್ಟೆಯ ಗಂಟುಗಳನ್ನು ರಸ್ತೆಗೆ ಎಸೆದು ಅವನನ್ನು ಮಲಗಿಸಿಕೊಂಡ. ದೊಡ್ಡ ರಸ್ತೆ ಬಿಟ್ಟು ಓಣಿಗಳಲ್ಲಿ ನುಗ್ಗಿಸಿದ. ದಾರಿಯುದ್ದಕ್ಕೂ ನಾನು ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಲೈಬ್ರರಿಗೆ ಫೋನ್ ಮಾಡಿದೆ. ಅವಳು ನಮಗಿಂತ ಮುಂಚೆಯೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅವನ ಕಾಗದಗಳ ಫೈಲು ಇತ್ತು. ಅದರ ಒಂದು ಪ್ರತಿಯನ್ನು ಅವಳು ಲೈಬ್ರರಿಯ ಡ್ರಾಯರಿನಲ್ಲೂ ಇಟ್ಟಿದ್ದಳೆಂದು ನನಗೆ ಆಗ ಗೊತ್ತಾಯಿತು.

ತುರ್ತು ಕೋಣೆಯ ಡಾಕ್ಟರು ಗಡ್ಡ ಬೋಳಿಸದ, ನಿದ್ದೆಗೆಟ್ಟ ಯುವಕ. ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದು ನಮ್ಮಿಬ್ಬರನ್ನೂ ಪರದೆಯ ಆಚೆಗೆ ಕರೆದ. "ಮೆದುಳಿಗೆ ಹೋಗೋ ರಕ್ತನಾಳ ಕಟ್ಟಿಕೊಂಡಿದೆ. ಶುರುವಾಗಿ ಒಂದು ಗಂಟೆ ಆಗಿದೆ ಅಷ್ಟೇ, ಒಳ್ಳೇದಾಯ್ತು. ಆ ಗಟ್ಟಿ ರಕ್ತಾನ ಕರಗಿಸೋಕೆ ಇಂಜೆಕ್ಷನ್ ಇದೆ. ಒಂದು ಮಾತು ಸರಿಯಾಗಿ ಹೇಳಿ. ರಕ್ತ ತೆಳ್ಳಗೆ ಮಾಡೋ ಮಾತ್ರೆ ತಗೋತಾರಾ? ಕೊನೇದು ಯಾವಾಗ ತಗೊಂಡರು?"

"ಇವತ್ತು ಬೆಳಿಗ್ಗೆ ಏಳೂವರೆಗೆ," ಅಂದಳು ತಮ್ಮನ ಹೆಂಡತಿ. ದನಿಯಲ್ಲೊಂದು ಭರವಸೆಯಿತ್ತು. "ಒಂದು ಹೊತ್ತೂ ತಪ್ಪಿಸಿಲ್ಲ ಡಾಕ್ಟ್ರೇ. ನಾನೇ ದಿನಾ ನೋಡ್ತೀನಿ."

ಡಾಕ್ಟರ ಮುಖ ಇಳಿಯಿತು. "ಹಾಗಿದ್ದರೆ ಇಂಜೆಕ್ಷನ್ ಕೊಡೋ ಹಾಗಿಲ್ಲ. ಮೆದುಳೊಳಗೆ ರಕ್ತ ಸೋರುತ್ತೆ. ದೊಡ್ಡಾಸ್ಪತ್ರೇಲಿ ತಂತಿ ಹಾಕಿ ಅದನ್ನ ತೆಗೀತಾರೆ, ಅಲ್ಲಿಗೆ ಕಳಿಸೋಕೆ ನೋಡ್ತೀನಿ." ಅವನು ಫೋನ್ ಹಿಡಿದು ಆಚೆಗೆ ಹೋದ.

ಎದುರಿನ ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಮೂರು ನಿಮಿಷ.

ನನ್ನ ನಾಲಿಗೆ ಹೊರಳಲಿಲ್ಲ. ಊರಿಗೆಲ್ಲ ಕೇಳಿಸುವ ನನ್ನ ಬಾಯಿಗೆ ಯಾರೋ ಗಂಟು ಹಾಕಿದ್ದರು. ದೊಡ್ಡಾಸ್ಪತ್ರೆ ಇನ್ನೂ ಒಳ್ಳೆಯದಲ್ಲವೇ ಎಂದುಕೊಂಡೆ. ಅಲ್ಲಿ ದೊಡ್ಡ ಡಾಕ್ಟರುಗಳಿರುತ್ತಾರೆ, ಎಲ್ಲ ಸರಿಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಆ ಹೊತ್ತಿನಲ್ಲೂ ನಾನು ನನ್ನ ಮಾನದ ಬಗ್ಗೆ ಯೋಚಿಸುತ್ತಿದ್ದೆ. ಪಕ್ಕದಲ್ಲಿ ನಿಂತ ಈ ಹೆಂಗಸಿನ ಡಬ್ಬಿ, ಚೀಟಿ, ಗೋಡೆಗೆ ಹಚ್ಚಿದ ಪಟ್ಟಿ ಎಲ್ಲವನ್ನೂ ಒಂದು ವರ್ಷ ಆಡಿಕೊಂಡು ನಕ್ಕ ಮೇಲೆ, ಅವಳ ಮುಂದೆ ಏನೆಂದು ಬಾಯಿ ಬಿಡಲಿ? ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

ಡಾಕ್ಟರು ವಾಪಸು ಬಂದ. "ಹೆದ್ದಾರಿ ಪೂರ್ತಿ ರಜೆಗೆ ಹೋಗೋರ ಗಾಡಿಗಳು. ಆಂಬುಲೆನ್ಸಿಗೆ ಎರಡೂವರೆ ಗಂಟೆ ಬೇಕಂತೆ. ಕಳಿಸ್ತೀನಿ, ಬೇರೆ ದಾರಿ ಇಲ್ಲ. ಆದರೆ ಅಷ್ಟು ಹೊತ್ತಿಗೆ ಎಷ್ಟು ಉಳಿಯುತ್ತೆ ಹೇಳೋಕಾಗಲ್ಲ. ನಿಮಿಷ ನಿಮಿಷಕ್ಕೂ ಮೆದುಳು ಸಾಯ್ತಾ ಇದೆ."

ನಾಲ್ಕು ಗಂಟೆ ಹನ್ನೊಂದು ನಿಮಿಷ.

"ಅವನು ಮಾತ್ರೆ ತಗೊಂಡಿಲ್ಲ," ಅಂದೆ.

ತಮ್ಮನ ಹೆಂಡತಿ ನನ್ನತ್ತ ತಿರುಗಿದಳು. ನಾನು ಡಾಕ್ಟರನ್ನೇ ನೋಡುತ್ತ ಹೇಳಿದೆ. "ಹತ್ತು ದಿನ ಆಯ್ತು. ಆ ಗುಲಾಬಿ ಮಾತ್ರೆ ಒಂದನ್ನ ಮಾತ್ರ ಬಿಟ್ಟಿದಾನೆ. ಉಳಿದದ್ದು ತಗೋತಾನೆ."

"ಡಬ್ಬಿ ದಿನಾ ಖಾಲಿ ಇರ್ತಿತ್ತು," ಅಂದಳು ಅವಳು.

"ಖಾಲಿ ಮಾಡ್ತಿದ್ದ. ನುಂಗ್ತಿರಲಿಲ್ಲ. ಅಂಗಡಿಗೆ ತಂದು ಇಡ್ತಿದ್ದ. ನಾನು ನೋಡಿದೀನಿ, ಒಂದು ದಿನ ಬಿಡದೆ."

ಅವಳ ಕೈ ನನ್ನ ಕೈಯಿಂದ ಜಾರಿತು. ಡಾಕ್ಟರು ನನ್ನ ಹತ್ತಿರ ಬಂದು ಮೆಲ್ಲಗೆ, ಒತ್ತಿ ಕೇಳಿದ: "ಅಮ್ಮಾ, ನಿಮಗೆ ಖಂಡಿತಾನಾ? ನೀವು ಹೇಳಿದ್ದು ತಪ್ಪಾದರೆ ನಾನು ಕೊಡೋ ಇಂಜೆಕ್ಷನ್ನೇ ಅವರ ಪ್ರಾಣ ತೆಗೆಯುತ್ತೆ."

"ಖಂಡಿತ," ಅಂದೆ.

ಅವನು ಒಳಗೆ ಹೋಗಿ ತಮ್ಮನ ಮುಖದ ಬಳಿ ಬಗ್ಗಿದ. ನಾವಿಬ್ಬರೂ ಹಿಂದೆ ಹೋದೆವು. "ಗುಲಾಬಿ ಮಾತ್ರೆ ಈ ಎರಡು ದಿನದಲ್ಲಿ ತಗೊಂಡಿದೀರಾ? ತಗೊಂಡಿದ್ದರೆ ಕಣ್ಣು ಮುಚ್ಚಿ. ಇಲ್ಲದಿದ್ದರೆ ತಲೆ ಆಡಿಸಿ." ತಮ್ಮ ಡಾಕ್ಟರನ್ನು ನೋಡಲಿಲ್ಲ. ನನ್ನನ್ನು ನೋಡಿದ. ಹೇಳಲೇ ಬೇಡವೇ ಎಂದು ಅವನು ಕೇಳುತ್ತಿದ್ದಾನೆಂದು ನನಗೆ ಅರ್ಥವಾಯಿತು. ನಾನು ಹೇಳು ಎಂದು ತಲೆದೂಗಿದೆ. ಆಮೇಲೆ ಅವನು ಇಲ್ಲ ಎಂದು ತಲೆಯಾಡಿಸಿದ. ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಓಡಿಸಿದ, ಇಂಜೆಕ್ಷನ್ ತರಲು ನರ್ಸಿಗೆ ಹೇಳಿದ, ನಮ್ಮನ್ನು ಹೊರಗೆ ಕಳಿಸಿದ.

ಹೊರಗಿನ ಬೆಂಚಿನ ಮೇಲೆ ತಮ್ಮನ ಹೆಂಡತಿ ಫೈಲನ್ನು ಎದೆಗೊತ್ತಿಕೊಂಡು ಕೂತಿದ್ದಳು. ಆಮೇಲೆ ಕೇಳಿದಳು. "ಯಾಕೆ ಬಿಟ್ಟರಂತೆ ಅತ್ತಿಗೆ?"

"ಕೋಟಿಗೆ ರಕ್ತದ ಕಲೆ ಆಗುತ್ತೆ ಅಂತ," ಅಂದೆ.

ಅದು ಸುಳ್ಳಲ್ಲ. ಅರ್ಧ ಹೇಳಿ ಅರ್ಧ ನುಂಗುವುದು ನನಗೆ ಆ ದಿನದವರೆಗೆ ಬರುತ್ತಿರಲಿಲ್ಲ, ಬಂದದ್ದನ್ನೆಲ್ಲ ಆಡಿಬಿಡುವ ಬಾಯಿ ನನ್ನದು. ಆ ಸಂಜೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಅವಳು ಮತ್ತೆ ಕೇಳಲಿಲ್ಲ. ಗಂಡನೇ ತನಗೆ ಮೋಸ ಮಾಡಿದನೆಂದು ಅವಳು ನಂಬಿದಳು, ನಾನು ನಂಬಲು ಬಿಟ್ಟೆ.

ಪ್ರಾಣ ಉಳಿಯಿತು. ಮೂರನೆಯ ದಿನ ಬಲಗಾಲು ಅಲ್ಲಾಡಿತು, ಐದನೆಯ ದಿನ "ನೀರು" ಎಂದ. ಹೃದಯದ ಡಾಕ್ಟರು ಬಂದು ನೋಡಿ, ಬಡಿತ ಮತ್ತೆ ತಪ್ಪಿದೆ, ಒಳಗೊಳಗೇ ಯಾವಾಗಲೋ ತಪ್ಪಿರಬೇಕು, ಇವರಿಗೆ ತಿಳಿದಿರಲಾರದು ಎಂದಳು. ಎಲ್ಲರಿಗೂ ತಿಳಿಯುವುದಿಲ್ಲವಂತೆ, ಅದಕ್ಕೇ ಮಾತ್ರೆ ಬಿಡಬಾರದಂತೆ. ಬಯ್ಯಲಿಲ್ಲ. ನಾನು ಕಾರಿಡಾರಿನಲ್ಲಿ ಅವಳನ್ನು ಹಿಂಬಾಲಿಸಿ ಹೋಗಿ, ಎಂಟು ನಿಮಿಷ ಮುಂಚೆ ಇಂಜೆಕ್ಷನ್ ಕೊಟ್ಟಿದ್ದರೆ ಕೈ ಪೂರ್ತಿ ಬರುತ್ತಿತ್ತಾ ಎಂದು ಕೇಳಿದೆ. ಯಾವ ಎಂಟು ನಿಮಿಷ ಎಂದು ಅವಳು ವಿಚಾರಿಸಲಿಲ್ಲ. "ಅದನ್ನ ಯಾರೂ ಹೇಳೋಕಾಗಲ್ಲ," ಅಂದಳು. ಬರುತ್ತಿರಲಿಲ್ಲ ಎಂದಿದ್ದರೆ ನಾನು ಆ ರಾತ್ರಿ ಮಲಗುತ್ತಿದ್ದೆ.

ಹನ್ನೆರಡನೆಯ ದಿನ ಮನೆಗೆ ಕರೆತಂದೆವು. ಉಳಿದ ಕೋಟುಗಳನ್ನು ಹೋಟೆಲಿನವರು ಬೇರೆಯವರಿಂದ ಹೊಲಿಸಿಕೊಂಡರು. ರಜೆ ಮುಗಿದು ಬೀದಿ ಖಾಲಿಯಾಯಿತು. ತಮ್ಮನ ಮಾತು ಬರುತ್ತಿತ್ತು, ಆದರೆ ಒಂದೊಂದು ಶಬ್ದಕ್ಕೂ ಭಾರ ಎತ್ತುವವನಂತೆ ಹಣೆಯಲ್ಲಿ ಬೆವರೊಡೆಯುತ್ತಿತ್ತು. ಬಲಗೈ ಚಮಚ ಹಿಡಿಯುತ್ತಿತ್ತು. ಕತ್ತರಿ ಹಿಡಿಯುತ್ತಿರಲಿಲ್ಲ. ನಾನೊಂದು ದಿನ ಅಂಗಡಿಯಿಂದ ಕತ್ತರಿ ತಂದು ಅವನ ಕೈಗೆ ಕೊಟ್ಟು ನೋಡಿದೆ. ಹೆಬ್ಬೆರಳು ಉಂಗುರದೊಳಗೆ ಹೋಯಿತು, ಮುಚ್ಚಲಾಗಲಿಲ್ಲ. ಅವನು ಅದನ್ನು ಮೆತ್ತಗೆ ಕೆಳಗಿಟ್ಟು, ಪರವಾಗಿಲ್ಲ ಎಂಬಂತೆ ಎಡಗೈಯಿಂದ ನನ್ನ ಮೊಣಕೈ ತಟ್ಟಿದ. ನಾನು ಹಿತ್ತಲಿಗೆ ಹೋಗಿ ಅತ್ತೆ. ಆ ಮನೆಯಲ್ಲಿ ನಾನು ಅತ್ತದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಗಂಡ ಹೆಂಡತಿಯ ನಡುವೆ ಏನೋ ಕಲ್ಲಾಗಿತ್ತು. ಅವಳು ಅವನ ಸೇವೆಯಲ್ಲಿ ಒಂದು ಕೊರತೆಯನ್ನೂ ಮಾಡಲಿಲ್ಲ. ಸ್ನಾನ, ಊಟ, ನಡಿಗೆ, ಬೆರಳಿನ ವ್ಯಾಯಾಮ ಎಲ್ಲ ಹೊತ್ತು ಹೊತ್ತಿಗೆ ನಡೆಯುತ್ತಿತ್ತು. ಆದರೆ ಮೊದಲಿನಂತೆ ಲೈಬ್ರರಿಗೆ ಬಂದವರ ಕಥೆ ಹೇಳಿ ನಗಿಸುತ್ತಿರಲಿಲ್ಲ. ಮಾತ್ರೆ ಕೊಟ್ಟ ಮೇಲೆ ಬಾಯಿ ತೆರೆಯಿರಿ ಎನ್ನುತ್ತಿದ್ದಳು, ನಾಲಿಗೆಯ ಕೆಳಗೂ ನೋಡುತ್ತಿದ್ದಳು. ಅವನು ತೆರೆಯುತ್ತಿದ್ದ. ಗಂಡನ ಬಾಯಿಯನ್ನು ಕಳ್ಳನ ಜೇಬಿನಂತೆ ಹುಡುಕಬೇಕಾದ ಗತಿ ಅವಳಿಗೆ ಬಂದಿತ್ತು. ಅದನ್ನು ದಿನಕ್ಕೆ ಎರಡು ಸಲ ನಾನು ಎದುರಿಗೆ ಕೂತು ನೋಡುತ್ತಿದ್ದೆ.

ಅವನು ಮನೆಗೆ ಬಂದು ಮೂರು ವಾರವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಕಿಟಕಿಯ ಬಿಸಿಲಿನಲ್ಲಿ ಅವಳು ಅವನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಮಡಿಸುತ್ತ ಕೂತಿದ್ದಳು. ನಾನು ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದೆ. ಅವಳು ತಲೆಯೆತ್ತದೆ, ಬೆರಳಿಗೇ ಕೇಳುವಂತೆ ಕೇಳಿದಳು. "ನನಗೆ ಯಾಕೆ ಹೇಳಲಿಲ್ಲ? ರಕ್ತ ನಿಲ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ನಾನೇ ಡಾಕ್ಟರಿಗೆ ಫೋನ್ ಮಾಡ್ತಿದ್ದೆ. ನಾನು ಅಷ್ಟು ಹೊರಗಿನವಳಾ?"

ತಮ್ಮ ಅವಳ ಕಡೆ ತಿರುಗಿದ. "ನಾ... ನಾನೇ," ಅಂದ. ಹಣೆಯ ಮೇಲೆ ಬೆವರು ಬಂತು. "ನಾನೇ... ಬಿಟ್ಟೆ." ಉಸಿರು ತೆಗೆದುಕೊಂಡ. ನನ್ನ ಕಡೆ ನೋಡದೆ ಮತ್ತೆ ಶುರು ಮಾಡಿದ. "ಅಕ್ಕ... ಬೇಡ... ಅಂದಳು. ನಾ... ಕೇಳಲಿಲ್ಲ."

ದಿನಕ್ಕೆ ಐವತ್ತು ಮಾತು ಆಡಿದರೆ ಸುಸ್ತಾಗಿ ಮಲಗುವವನು ಅವತ್ತಿನ ಅಷ್ಟೂ ಶಕ್ತಿಯನ್ನು ನನ್ನನ್ನು ಉಳಿಸುವ ಸುಳ್ಳಿಗೆ ಖರ್ಚು ಮಾಡಿದ. ಆಸ್ಪತ್ರೆಯಲ್ಲಿ ಬಾಯಿ ತೆರೆಯಲು ನನಗೆ ಎಂಟು ನಿಮಿಷ ಹಿಡಿದಿತ್ತು, ಇದಕ್ಕೆ ಮೂವತ್ತಮೂರು ದಿನ.

"ಸುಳ್ಳು," ಅಂದೆ. "ನಾನು ಬೇಡ ಅನ್ನಲಿಲ್ಲ. ಮಾತ್ರೆ ಬಿಡು ಅಂದಿದ್ದೇ ನಾನು. ಡಾಕ್ಟರು ಅಂತ ಅವನು ಬಾಯಿ ತೆರೆದ. ಹದಿನೈದು ದಿನಕ್ಕೆ ಏನಾಗುತ್ತೆ ಅಂತ ಬಾಯಿ ಮುಚ್ಚಿಸಿದೆ. ಆಸ್ಪತ್ರೇಲೂ ನೀನು ಬೆಳಿಗ್ಗೆ ತಗೊಂಡಿದಾರೆ ಅಂದಾಗ ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ, ಎಂಟು ನಿಮಿಷ."

ತಮ್ಮ ಕಣ್ಣು ಮುಚ್ಚಿಕೊಂಡ. ಅವಳು ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವಳು ಏಳಲಿಲ್ಲ. ಅವನ ಕಿರುಬೆರಳನ್ನು ಬಿಡಿಸಿದಳು, ಮಡಿಸಿದಳು, ಮತ್ತೆ ಬಿಡಿಸಿದಳು. ದನಿ ಏರಿಸದೆ ಹೇಳಿದಳು.

"ನಾನು ಹೇಳಿದ್ದಕ್ಕೆ ಇವರು ಹೂಂ ಅಂತಾರೆ ಅತ್ತಿಗೆ. ನೀವು ಹೇಳಿದ್ದನ್ನ ಮಾಡ್ತಾರೆ. ಮದುವೆಯಾದ ದಿನದಿಂದ ನೋಡ್ತಾ ಇದೀನಿ. ಅದು ನಿಮಗೆ ಗೊತ್ತಿರಲಿಲ್ವಾ?"

ಇಲ್ಲ ಎಂದು ಹೇಳಬಹುದಾಗಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಅವಳು ಅಂಥವಳೇ.

"ಗೊತ್ತಿತ್ತು," ಅಂದೆ. "ಗೊತ್ತಿದ್ದೇ ಹೇಳಿದೆ."